ಬಾವಿಕಟ್ಟೆಯ ದೃಶ್ಯಕ್ಕೆ ಅರ್ಥ

ಎರಡನೆಯ ಏಟಿಗೆ ವಿವರಣೆಗಾರನ ತುಟಿ ಒಡೆಯಿತು.

"ಕೊನೆ ಹೇಳು," ಎಂದ ಸ್ಟಂಟ್ ಮಾಸ್ಟರ್. "ಆ ಭೂತ ಯಾರು? ಯಾಕೆ ಇರಿದ?"

ಮಾಸ್ಟರ್ ಜೀವಮಾನವೆಲ್ಲ ಸಿನಿಮಾದವರಿಗೆ ನೋವಾಗದಂತೆ ಹೊಡೆಯುವುದನ್ನು ಕಲಿಸಿದವನು. ನೋವಾಗುವಂತೆ ಹೊಡೆಯುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಅವನ ತಾಲೀಮು ಕೋಣೆಯಲ್ಲಿ ಮೂರನೆಯ ಚಪ್ಪಾಳೆಗೆ ಏಟು ಬೀಳುವುದು ಪದ್ಧತಿ. ಇವತ್ತು ಚಪ್ಪಾಳೆಯಿಲ್ಲದೆಯೇ ಬಿತ್ತು.

ಹಾಡುಹಗಲು. ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದ್ದರು. ಗೋಡೆಗೆ ಮೊಳೆ ಹೊಡೆದು ಬಿಗಿದ ಬಿಳಿ ಚಾದರವೇ ಪರದೆ. ಅದರೆದುರು ಕುರ್ಚಿ, ಕುರ್ಚಿಗೆ ಸುತ್ತಿದ ಹಗ್ಗದೊಳಗೆ ವಿವರಣೆಗಾರ. ಹಿಂದೆ, ಪ್ರೊಜೆಕ್ಟರಿನ ಪಕ್ಕದ ಸ್ಟೂಲಿನ ಮೇಲೆ, ಮಾಸ್ಟರನ ಹೆಂಡತಿ. ಫೋನು ಮಾಡಿ ಕರೆದವಳು ಅವಳೇ. ಬಿಡುಗಡೆಯಾಗದ ಸಿನಿಮಾ ಒಂದಿದೆ, ಕೊನೆ ಅರ್ಥವಾಗುತ್ತಿಲ್ಲ, ಬಂದು ಬಿಡಿಸಿ ಹೇಳಬೇಕು ಎಂದಿದ್ದಳು.

ಕೊನೆ ಬಿಡಿಸುವುದೇ ಅವನ ಕಸುಬು. ದೆವ್ವದ ಸಿನಿಮಾ, ಮಾಯಾಲೋಕದ ಸಿನಿಮಾ ನೋಡಿ ತಲೆಕೆಟ್ಟವರೆಲ್ಲ ಮನೆಗೆ ಬಂದು ಅವನ ವಿಡಿಯೋ ಹಾಕುತ್ತಿದ್ದರು. ಎತ್ತು ಈಯಿತು ಎಂದು ಅವನು ಹೇಳಿದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟುವ ಜನ. ನಿರ್ದೇಶಕರು ತಮ್ಮ ಸಿನಿಮಾದ ಅರ್ಥವನ್ನು ತಾವೇ ಯಾಕೆ ಹೇಳುವುದಿಲ್ಲ ಎಂದು ಯಾರಾದರೂ ಕೇಳಿದರೆ, ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಗುತ್ತಿದ್ದ. ಒಮ್ಮೆ ಮಾತ್ರ, ತುಂಬಿದ ಸಭೆಯಲ್ಲಿ, ಹೊಸ ನಿರ್ದೇಶಕಿಯೊಬ್ಬಳು ಎದ್ದು ನನ್ನ ಸಿನಿಮಾದ ಅರ್ಥ ಅದಲ್ಲ ಎಂದು ನಕ್ಕುಬಿಟ್ಟಿದ್ದಳು. ಸಭೆಗೆ ಸಭೆಯೇ ನಕ್ಕಿತ್ತು. ಆ ಮುಳ್ಳು ಅವನ ಎದೆಯಿಂದ ಇನ್ನೂ ಹೋಗಿರಲಿಲ್ಲ.

ಇವತ್ತು ಬಾಗಿಲಲ್ಲಿ ಮಾಸ್ಟರನ ಮುಖ ಕಂಡು ಅವನು ಕ್ಷಣಕಾಲ ತಡವರಿಸಿದ್ದ. ಪರದೆಯ ಮೇಲೆ ಬಾವಿಕಟ್ಟೆ ಮೂಡಿದ್ದೇ ತಡ, ಬೇರೆ ಕೆಲಸವಿದೆ ಎಂದು ಎದ್ದ. ಮಾಸ್ಟರ್ ಹೆಗಲು ಹಿಡಿದು ಕೂರಿಸಿದ. ಹಗ್ಗ ಬಂದದ್ದು ಆಮೇಲೆ.

"ಮತ್ತೆ ಹಾಕು," ಎಂದ ಮಾಸ್ಟರ್ ಹೆಂಡತಿಗೆ.

ಧ್ವನಿ ಇನ್ನೂ ಕೂಡಿಸದ ಸಿನಿಮಾ. ಕೋಣೆಯಲ್ಲಿ ಕೇಳುತ್ತಿದ್ದದ್ದು ಪ್ರೊಜೆಕ್ಟರಿನ ಸದ್ದು ಮಾತ್ರ. ಬಾವಿಕಟ್ಟೆಯ ಮೇಲೆ ರಾಣಿಯೊಬ್ಬಳು ಬೆನ್ನು ಮಾಡಿ ಕೂತಿದ್ದಾಳೆ. ಕಾಣುವುದು ಅವಳ ಜಡೆ ಮತ್ತು ಕಿರೀಟ. ದೂರದಲ್ಲಿ ಒಂದೇ ಬಗೆಯ ಮುಖವಾಡ ತೊಟ್ಟ ಏಳು ಭೂತಗಳು ಕುಣಿಯುತ್ತವೆ. ಒಂದು ಭೂತ ಗುಂಪು ಬಿಟ್ಟು ಬಂದು ರಾಣಿಯ ಹಿಂದೆ ನಿಲ್ಲುತ್ತದೆ, ಬೆನ್ನಿಗೆ ಚೂರಿ ಇಳಿಸುತ್ತದೆ. ರಾಣಿ ಬಾವಿಗೆ ಬೀಳುತ್ತಾಳೆ. ಹೊಗೆ ಕವಿಯುತ್ತದೆ. ಅಲ್ಲಿಗೆ ಮುಗಿಯಿತು. ಏಳರಲ್ಲಿ ಯಾವುದು ಬಂತು, ಯಾಕೆ ಬಂತು, ಒಂದೂ ತಿಳಿಯುವುದಿಲ್ಲ.

"ಭೂತಗಳಂದ್ರೆ ರಾಣಿಯ ಏಳು ಜನ್ಮದ ಪಾಪ ಸರ್," ಎಂದು ವಿವರಣೆಗಾರ ತೊದಲಿದ.

ಮುಷ್ಟಿ ಪಕ್ಕೆಗೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು.

"ಹಾಗಾದ್ರೆ ಕನಸು. ಎಲ್ಲಾ ರಾಣಿಯ ಕನಸು."

ಮಾಸ್ಟರ್ ಅವನ ಕಿರುಬೆರಳನ್ನು ಹಿಂದಕ್ಕೆ ಮಡಚಿದ. ಒಣ ಪುಳ್ಳೆಯಂತೆ ಅದು ಮುರಿಯಿತು. ವಿವರಣೆಗಾರ ಕಿರುಚಿ ಮುಗಿಸುವವರೆಗೆ ಕಾದು, ಉಂಗುರದ ಬೆರಳು ಹಿಡಿದುಕೊಂಡ.

"ಕನಸಾಗಿದ್ರೆ ನನಗೆ ನಿದ್ದೆಯಾದ್ರೂ ಬರ್ತಿತ್ತು. ಆ ಚೂರಿ ಕೊಟ್ಟಿದ್ದು ನಾನು. ತಪ್ಪು ನನ್ನದಾ ಅಲ್ವಾ, ಅದೊಂದು ಗೊತ್ತಾಗ್ಬೇಕು ನನಗೆ."

ಮಾಸ್ಟರನ ಕಣ್ಣಲ್ಲಿ ನೀರಿಳಿಯುತ್ತಿತ್ತು. ಉಂಗುರದ ಬೆರಳೂ ಮುರಿಯಿತು. ಆಮೇಲೆ ಅವನು ಸೊಂಟದಿಂದ ಚೂರಿ ತೆಗೆದು, ಮೊನೆಗೆ ಹೆಬ್ಬೆರಳು ಒತ್ತಿ ನೋಡಿದ. ಚಿತ್ರೀಕರಣದಲ್ಲಿ ಪ್ರತಿಯೊಂದು ರಬ್ಬರ್ ಚೂರಿಯನ್ನೂ ಹಾಗೆ ಒತ್ತಿ ನೋಡಿಯೇ ಕೈಗೆ ಕೊಡುತ್ತಿದ್ದವನು. ಇದು ರಬ್ಬರಿನದಲ್ಲ. ಹೆಬ್ಬೆರಳಲ್ಲಿ ರಕ್ತ ಜಿನುಗಿತು.

ಚೂರಿ ವಿವರಣೆಗಾರನ ಕುತ್ತಿಗೆಗೆ ಬಂತು. ಹೆಂಡತಿ ಅದೇ ದೃಶ್ಯವನ್ನು ಮತ್ತೆ ಹಾಕಿದಳು, ಮತ್ತೂ ಹಾಕಿದಳು. ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿದರೂ ಪ್ರಯೋಜನವಾದಂತೆ ಕಾಣಲಿಲ್ಲ, ಮತ್ತೆ ತೆರೆದ. ಸಾಯುವ ಭಯಕ್ಕೋ ಏನೋ, ಇದ್ದಕ್ಕಿದ್ದಂತೆ ಮಾತು ಹರಿಯತೊಡಗಿತು. ವಿಡಿಯೋಗಳಲ್ಲಿ ಜನ ಕೇಳುತ್ತಿದ್ದ ಅದೇ ನಯವಾದ ದನಿ.

"ನಿಮ್ಮ ತಪ್ಪಲ್ಲ ಮಾಸ್ಟ್ರೇ. ತಪ್ಪು ರಾಣಿಯದ್ದೇ. ಭೂತ ಹಿಂದೆ ಬಂದು ನಿಂತ್ರೂ ಅವಳು ಹೆದರಲ್ಲ, ತಿರುಗಿ ಕೂಡ ನೋಡಲ್ಲ. ನಗ್ತಾಳೆ. ಮೂರನೇ ಚಪ್ಪಾಳೆಗಲ್ವಾ ಬರಬೇಕಿದ್ದು, ಈಗ್ಲೇ ಬಂದ್ಬಿಟ್ಯಾ ಅಂತಾಳೆ. ಹಾಗಂದ್ರೇನು? ಅವನು ಬರ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅವಳೇ ಕರೆಸಿಕೊಂಡಿದ್ದು. ಎಲ್ಲರನ್ನೂ ನೋಡಿ ನಗೋಳು, ಸಾವನ್ನೂ ನಕ್ಕೇ ಕರೆದ್ಳು. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಭೂತದ ತಪ್ಪೂ ಇಲ್ಲ."

ಚೂರಿ ಕುತ್ತಿಗೆಯಿಂದ ಕೆಳಗಿಳಿಯಿತು. ಮಾಸ್ಟರ್ ಚಾಪೆಯ ಮೇಲೆ ಕುಸಿದು ಕೂತ.

"ನಮ್ಮ ಮಗಳು ಹಾಗೇ ಅನ್ನೋಳು," ಎಂದ. "ತಾಲೀಮಲ್ಲಿ ಯಾರಾದ್ರೂ ಮುಂಚೆ ಬಂದ್ರೆ ಹಾಗೇ ನಗೋಳು. ಈ ಸಿನಿಮಾ ನಿರ್ದೇಶನ ಮಾಡಿದ್ದೂ ಅವಳೇ, ರಾಣಿನೂ ಅವಳೇ. ಏಳು ಚೂರಿಲಿ ಒಂದು ನಿಜವಾದದ್ದನ್ನ ನಾನೇ ಮರೆತು ಕೊಟ್ಟೆ ಅಂದ್ರು ಪೊಲೀಸರು. ಇರಿದೋನು ಮುಖವಾಡದಲ್ಲೇ ಓಡಿಹೋದ, ದಿನಗೂಲಿಗೆ ಬಂದೋನು, ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಹೆದರಿರಬೇಕು ಪಾಪ, ಅವನದ್ದೇನು ತಪ್ಪು ಅಂದ್ರು ಎಲ್ಲರೂ."

ವಿವರಣೆಗಾರ ರಕ್ತ ಉಗುಳಿ ನಿರಾಳವಾಗಿ ಉಸಿರು ಬಿಟ್ಟ. ಕೊನೆ ಅರ್ಥವಾಯಿತಲ್ಲ, ಇನ್ನು ಹಗ್ಗ ಬಿಚ್ಚಬಹುದಲ್ಲ ಎಂದು ಮೆಲ್ಲಗೆ ಕೇಳಿದ.

ಹಿಂದೆ ಸ್ಟೂಲು ಸರಿಯಿತು. ಹೆಂಡತಿ ಎದ್ದು ಬಂದಳು. ಗಂಡನ ಕೈಯಿಂದ ಚೂರಿ ತೆಗೆದುಕೊಂಡು ವಿವರಣೆಗಾರನ ಎದುರು ನಿಂತಳು.

"ಮೂಕಿ ಚಿತ್ರ ಕಣಪ್ಪಾ ಇದು. ಅವಳು ಅಂದಿದ್ದು ನಿನಗೆ ಹೇಗೆ ಕೇಳಿಸ್ತು?"