ಕೆಂಪು ಪೆಟ್ಟಿಗೆಯ ಬಾಗಿಲು

ಬೈಕಿನ ಹಿಂದೆ ಕೂತ ಅತ್ತಿಗೆ ದೇವಿರಮ್ಮನ ಮಡಿಲಲ್ಲಿ ಊಟದ ಕ್ಯಾರಿಯರ್ ಇತ್ತು. ಚಲುವರಾಜುವಿಗೆ ಅದರದೇ ಭಯ.

ಬೆಳಿಗ್ಗೆ ಅವನು ಕಣ್ಣಾರೆ ಕಂಡಿದ್ದ. ದೇವಿರಮ್ಮ ಮನೆದೇವರ ಪಟದ ಮುಂದೆ ಕೆನ್ನೆ ಬಡಿದುಕೊಂಡು, "ಮಾಡಬಾರದ್ದ ಮಾಡ್ಬುಟ್ಟೆ ಕಣಪ್ಪ, ಒಪ್ಪುಸ್ಕೊ" ಎಂದು ಅಳುತ್ತಿದ್ದಳು. ಸಂಜೆ ಬಂದು, "ಗೆಜ್ಜಲಗೆರೆಗೆ ಓಯ್ತೀನಿ. ಶಶಿಧರಂಗೆ ಊಟ ಕೊಡ್ಬೇಕು" ಎಂದಳು. ಗಂಡನನ್ನು ಕೊಂದವನೆಂದು ಹಗಲಿರುಳು ಶಪಿಸುತ್ತಿದ್ದವನಿಗೆ ಊಟ! ಒಬ್ಬಳನ್ನೇ ಕಳಿಸಲು ಚಲುವರಾಜುವಿಗೆ ಧೈರ್ಯ ಬರಲಿಲ್ಲ. ಬೈಕು ತೆಗೆದ.

"ಅತ್ಗೆ, ಊಟಕ್ಕೆ ಏನಾರ ಬೆರೆಸಿದ್ದೀಯಾ?"

"ಯಾಕ್ಲಾ, ಹಸಿವಾ? ನೀನೇ ಮೊದ್ಲು ತಿಂತೀಯಾ?"



ಶಶಿಧರ್ ಅವರದೇ ಊರಿನವನು. ಗೆಜ್ಜಲಗೆರೆಯಲ್ಲಿ ಹೆದ್ದಾರಿಯ ಪಕ್ಕ ವೆಲ್‌ನೆಸ್ ಸೆಂಟರ್ ತೆರೆದಿದ್ದ. ಒಳಗೆ ಬೀರುವಿನಂಥ ಮರದ ಪೆಟ್ಟಿಗೆ, ಅದಕ್ಕೆ ಗಾಜಿನ ಬಾಗಿಲು, ಕೂರಲು ಒಂದು ಹಲಗೆ. ಇನ್‌ಫ್ರಾರೆಡ್ ಶಾಖ ಮೂಳೆಗೆ ಇಳಿಯುತ್ತದೆ, ಕೆಂಪು ಬೆಳಕು ಚರ್ಮಕ್ಕೆ ಕಳೆ ಕೊಡುತ್ತದೆ, ಎರಡೂ ಸೇರಿದರೆ ಬಿಪಿ ಮಾತ್ರೆಯೇ ಬೇಡ ಎನ್ನುತ್ತಿದ್ದ. ದೇವಿರಮ್ಮನ ಗಂಡ ಅಂಕಯ್ಯ ಮಂಡಿನೋವಿಗೆಂದು ಹೋಗತೊಡಗಿದ. ಮಾತ್ರೆ ಬಿಟ್ಟ. ಆಷಾಢದ ಒಂದು ಮಧ್ಯಾಹ್ನ, ಸೆಂಟರಿನ ಎದುರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹೆಣವಾಗಿ ಸಿಕ್ಕ.

"ಅವತ್ತು ನಮ್ಮಲ್ಲಿಗೆ ಬರ್ಲೇ ಇಲ್ಲ" ಎಂದ ಶಶಿಧರ್. ಹೃದಯ ನಿಂತಿದೆ ಎಂದು ಬರೆದುಕೊಂಡು ಪೊಲೀಸರು ಹೋದರು. ಜಿಟಿಜಿಟಿ ಮಳೆಯಲ್ಲಿ ಸಿಕ್ಕ ಹೆಣದ ಮೈ ಯಾಕೆ ಸುಡುತ್ತಿತ್ತು, ಬನಿಯನ್ ಯಾಕೆ ಹಿಂದುಮುಂದಾಗಿತ್ತು ಎಂದು ದೇವಿರಮ್ಮ ಕಂಡಕಂಡವರನ್ನು ಕೇಳಿದಳು. ಕೊನೆಗೆ ಊರಮ್ಮನ ಗುಡಿಯಲ್ಲಿ ಶಶಿಧರ್ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಿದ. ಊರ ಯಜಮಾನ ಚಲುವರಾಜುವೇ. "ಅಮ್ಮನ ಮುಂದೆ ಯಾರೂ ಸುಳ್ಳಾಡಾಕಿಲ್ಲ, ಬುಡು ಅತ್ಗೆ" ಎಂದು ಅಣ್ಣನ ಸಾವಿನ ನ್ಯಾಯವನ್ನು ಅಲ್ಲಿಗೇ ಮುಗಿಸಿದ್ದ.

ಆಮೇಲೆ ದೇವಿರಮ್ಮ ಮೆತ್ತಗಾದಳು. ಹೋದ ತಿಂಗಳು ತಾನಾಗಿಯೇ ಸೆಂಟರಿಗೆ ಹೋಗಿ ಶಶಿಧರನ ಮುಂದೆ ಕಣ್ಣೀರಿಟ್ಟಳು.

"ನಮ್ಮೋರು ದಿನಾ ಕನಸಿಗೆ ಬತ್ತಾವ್ರೆ ಕಣಪ್ಪ. ಮೈಯೆಲ್ಲ ಕೆಂಪಗೆ, ಕೆಂಡದಂಗೆ. ಹಸಿವು ಹಸಿವು ಅಂತಾರೆ."

ಶಶಿಧರ್ ಮಡಿಸಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದ. "ಮಾರ್ಲಾಮಿ ಅಮಾಸೆಗೆ ಎಡೆ ಇಕ್ಬುಡಿ ಅವ್ವ. ಉಂಡು ಸುಮ್ಕಾಯ್ತಾರೆ."

"ಮನೇಲಿ ಇಕ್ಕಿದ್ರೆ ಮುಟ್ಟಾಕಿಲ್ವಂತೆ. ಉಸುರು ನಿಂತ ಜಾಗದಲ್ಲೇ ಇಕ್ಕಬೇಕಂತೆ. ಇಲ್ದಿದ್ರೆ, ಕಡೇಲಿ ನನ್ನ ಮಕ ಕಂಡೋರ ಮನೆಗೇ ಬಂದು ಸೇರ್ಕತೀನಿ ಅಂತಾರೆ."

"ಬೆಂಚಿನ ಮೇಲೆ ಇಕ್ಕಿ ಮತ್ತೆ."

"ಊಂ ಕಣಪ್ಪ. ಇನ್ನೆಲ್ಲಿ ಇಕ್ಕಲಿ?"

ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಊರಿನವರು ಮರುಗಿದರು.

ಇವತ್ತು ಆ ಮಹಾಲಯ ಅಮಾವಾಸ್ಯೆ. ಸೆಂಟರಿಗೆ ರಜ. ಆದರೂ ಮುಚ್ಚಿದ ಬಾಗಿಲ ಹೊರಗೆ ಶಶಿಧರ್ ಬರಿಗಾಲಲ್ಲಿ ನಿಂತಿದ್ದ. ಹಣೆಯಲ್ಲಿ ವಿಭೂತಿ. ಇವರನ್ನು ಕಂಡು ಬೆಚ್ಚಿದ.

"ಅಬ್ಬದ ದಿನ ಯಾಕ್ಲಾ ಇಲ್ಲಿ ನಿಂತಿದ್ದೀಯೆ?" ಚಲುವರಾಜು ಕೇಳಿದ.

"ಒಳಗೆ ಸೆಕೆ ಕಣಣ್ಣ. ಕರೆಂಟಿಲ್ಲ."

ಪಕ್ಕದ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು.

ದೇವಿರಮ್ಮ ಕ್ಯಾರಿಯರ್ ಮುಂದೆ ಚಾಚಿದಳು. "ತಕೊ. ನಿಂಗೇ ತಂದಿದ್ದು."

ಚಲುವರಾಜು ಅದನ್ನು ಕಿತ್ತುಕೊಂಡ. ಮುಚ್ಚಳ ತೆಗೆದ. ಖಾಲಿ. ಕೆಳಗಿನ ಡಬ್ಬಿಯೂ ಖಾಲಿ.

"ಇಸ ಐತೆ ಅಂದ್ಕಂಡು ನೀನು ಬೆನ್ನತ್ತಿ ಬತ್ತೀಯ ಅಂತ ಗೊತ್ತಿತ್ತು ಕಣ್ಲಾ. ಸುಮ್ಕೆ ಕರುದಿದ್ರೆ ಬತ್ತಿದ್ದಾ? ಯಜಮಾನನ ಕಣ್ಣು ಬೇಕಾಗಿತ್ತು ನಂಗೆ."

ಅವಳು ಬಾಗಿಲ ಬಳಿ ಹೋಗಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು.

ಚಲುವರಾಜುವಿಗೆ ಆ ಸದ್ದಿನ ಅರ್ಥ ಹೊಳೆಯಿತು. ಆ ಸೀಮೆಯಲ್ಲಿ ಯಾರೂ ಇಲ್ಲದ ಕೋಣೆಯ ಬಾಗಿಲನ್ನು ಹಾಗೆ ತಟ್ಟುವುದು ವರ್ಷಕ್ಕೆ ಒಮ್ಮೆ. ಸತ್ತವರಿಗೆ ಎಡೆ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣಲೆಂದು ಮನೆಮಂದಿ ಹೊರಗೆ ನಿಲ್ಲುತ್ತಾರೆ. ಆಮೇಲೆ ತಟ್ಟಿ ಒಳಗೆ ಹೋಗುತ್ತಾರೆ.

"ಬ್ಯಾಡ ಅವ್ವಾ!" ಶಶಿಧರ್ ಅಡ್ಡ ಬಂದ. ಚಲುವರಾಜು ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

ದೇವಿರಮ್ಮ ಬಾಗಿಲು ತಳ್ಳಿದಳು. ಒಳಗೆ ಪೆಟ್ಟಿಗೆಯ ಕೆಂಪು ಬೆಳಕು ಉರಿಯುತ್ತಿತ್ತು. ಹಲಗೆಯ ಮೇಲೆ ಬಾಳೆಎಲೆ. ಎಲೆಯಲ್ಲಿ ಮುದ್ದೆ, ಕುರಿಯ ಬೋಟಿ ಗೊಜ್ಜು, ಒಬ್ಬಟ್ಟು. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಬೋಟಿ ಗೊಜ್ಜಿದ್ದರೆ ಅಂಕಯ್ಯನಿಗೆ ಬೇರೇನೂ ಬೇಡವಾಗಿತ್ತು. ಅದು ಊರಿಗೆಲ್ಲ ಗೊತ್ತು. "ಉಸುರು ನಿಂತ ಜಾಗಕ್ಕೇ ಇಕ್ಕಿದ್ದೀಯಲ್ಲೋ" ಎಂದಳು ದೇವಿರಮ್ಮ.

ಶಶಿಧರ್ ಹೊಸ್ತಿಲ ಮೇಲೆ ಕುಸಿದ. "ಒಳಗೆ ಕೂರ್ಸಿ ಮದ್ದೂರಿಗೆ ಓಗಿದ್ದೆ ಕಣವ್ವ. ತಡವಾಯ್ತು. ಬಂದು ಬಾಗ್ಲು ತಗುದ್ರೆ ಉಸುರಿರ್ನಿಲ್ಲ. ಎದರ್ಕಂಡು ಬಟ್ಟೆ ತೊಡಿಸಿ ಬೆಂಚಿಗೆ ಸಾಗಿಸ್ದೆ."

"ಕರ್ಪೂರ ಆರಿಸಿದ್ಯಲ್ಲೋ ಚಂಡಾಲ!" ಚಲುವರಾಜುವಿನ ದನಿ ಒಡೆಯಿತು. ಅವನು ಪೊಲೀಸರಿಗೆ ಫೋನು ಹಚ್ಚಿದ.

ಶಶಿಧರ್ ದೇವಿರಮ್ಮನ ಕಾಲು ಹಿಡಿದುಕೊಂಡ. "ನೀವು ಆ ಮಾತು ಏಳ್ದಾಗಿಂದ ನನ್ನ ಕನಸಿಗೂ ಬತ್ತಾವ್ರೆ ಅವ್ವ. ದಿನಾ. ನೀವಂದಂಗೇ, ಮೈಯೆಲ್ಲ ಕೆಂಪಗೆ. ಬರಬ್ಯಾಡಿ ಅಂತ ನೀವಾದ್ರೂ ಒಂದ್ಮಾತು ಏಳಿ."

ದೇವಿರಮ್ಮ ಕಾಲು ಬಿಡಿಸಿಕೊಂಡಳು. "ಬರ್ಲಿ. ನೀನು ಬದುಕಿರೋಗಂಟ ಬರ್ಲಿ."

ಅವಳ ಕನಸಿಗೆ ಅಂಕಯ್ಯ ಒಂದು ದಿನವೂ ಬಂದಿರಲಿಲ್ಲ.