ಪಂದ್ಯಕ್ಕೆ ಮುಂಚಿನ ಹೋಳಿಗೆ

ಪಂದ್ಯ ಶುರುವಾಗಲು ಇನ್ನೂ ಒಂದು ತಾಸು ಇತ್ತು. ಬೆಳಗಾವಿಯಿಂದ ಆಡಲು ಬಂದ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಗೋಕಾಕ ಫಾಲ್ಸಿನ ಕಿರಾಣಿ ಅಂಗಡಿ ಆದಿನಾಥನ ಅಂಗಳದಲ್ಲಿ ಸಾಲಾಗಿ ಕುಳಿತು ಹೋಳಿಗೆ ಹೊಡೆಯುತ್ತಿತ್ತು. ಆದಿನಾಥ ತುಪ್ಪದ ತಂಬಿಗೆ ಹಿಡಿದು ಓಡಾಡುತ್ತಿದ್ದ. ಅವನ ತಾಯಿ ಇಂದ್ರವ್ವ, ಬೇಡವೆಂದು ಕೈ ಅಡ್ಡ ಹಿಡಿದವರ ಎಲೆಗೂ ಹಾಕುತ್ತಿದ್ದಳು. ಆಗಲೇ ಮೈದಾನ ನೋಡಿಬರಲು ಹೋಗಿದ್ದ ತಂಡದ ಕೋಚ್ ಭೀಮರಾಯ ಮಾಸ್ತರರು ಬಾಗಿಲಲ್ಲಿ ಬಂದು ನಿಂತರು.

"ಯಾರನ್ನ ಕೇಳಿ ಇವರನ್ನ ಊಟಕ್ಕ ಕುಂದರಿಸಿದ್ರಿ?"

"ಮತ್ತ ಯಾವಾಗ ಹಾಕೂದ್ರಿ ಸರ?" ಆದಿನಾಥ ತಂಬಿಗೆ ಕೆಳಗಿಟ್ಟು ಕೈ ಮುಗಿದ. "ಆಟ ಮುಗಿಯೂದ್ರಾಗ ಹೊತ್ತ ಮುಳಗತೈತಿ. ನಾವು ಜೈನರ್ರಿ. ಹೊತ್ತ ಮುಳಗಿದ ಮ್ಯಾಲ ನಮ್ಮನ್ಯಾಗ ಉಣ್ಣಂಗಿಲ್ಲ, ಉಣ್ಣಾಕ ಹಾಕಂಗೂ ಇಲ್ಲ. ಮನಿಗೆ ಬಂದ ಹುಡುಗರನ್ನ ಉಪಾಸ ಕಳಸಲ್ರಿ?"

ಇಡೀ ತಾಲೂಕಿನಲ್ಲಿ ಭೀಮರಾಯ ಮಾಸ್ತರರಿಗೆ ಭಕ್ತ ಅಂತ ಇದ್ದವನು ಈ ಆದಿನಾಥ ಒಬ್ಬನೇ. ಅವರ ತಂಡ ಎಲ್ಲಿ ಆಡಿದರೂ ಅಂಗಡಿಗೆ ಕೀಲಿ ಹಾಕಿ ಘಟಪ್ರಭಾದಲ್ಲಿ ರೈಲು ಹತ್ತುತ್ತಿದ್ದ. ಆಟದ ನಿಯಮ ಒಂದೂ ತಿಳಿಯದು. ಚೆಂಡು ಯಾರ ಬುಟ್ಟಿಗೆ ಬಿತ್ತೆಂಬುದೂ ಅವನಿಗೆ ದೊಡ್ಡ ಮಾತಲ್ಲ. ಅವನು ನೋಡುತ್ತಿದ್ದುದು ಮಾಸ್ತರರನ್ನು: ಅವರ ಇಸ್ತ್ರಿ ಪ್ಯಾಂಟು, ಕೈಕಟ್ಟಿ ನಿಲ್ಲುವ ಠೀವಿ, ಸೀಟಿ ಊದುವ ಮುಂಚೆ ಮೀಸೆ ಒರೆಸಿಕೊಳ್ಳುವ ಗತ್ತು. ಬೆಲ್ಲ ತೂಗುವಾಗಲೂ ಗಿರಾಕಿಗಳ ಮುಂದೆ ಅದೇ ವರ್ಣನೆ. ಮಾಸ್ತರರು ಮಾತ್ರ ಇಷ್ಟು ದಿನದಲ್ಲಿ ಅವನೊಡನೆ ಆಡಿದ್ದು ಒಂದೇ ಮಾತು, "ಗೆರಿ ಬಿಟ್ಟು ಹಿಂದ ಸರೀರಿ" ಅಂತ. ಪಾಪ, ಅದನ್ನೂ ಅವನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ.

"ಇವತ್ತೂ ಸೋತ್ರ ಬುಟ್ಟಿ ಕಂಬಾ ಕಿತ್ತಿಸಿ ಟೆನಿಸ್ ಆಡಸ್ತೇನಿ ಅಂದಾರ್ರೀ ನಮ್ಮ ಪ್ರಿನ್ಸಿಪಾಲ್ರು!" ಮಾಸ್ತರರು ಹಣೆ ಬಡಿದುಕೊಂಡರು. "ನನ್ನನ್ನ ತಿರುಗಿ ಡ್ರಿಲ್ ಕಲಸಾಕ ಹಚ್ಚತಾರ. ಹೊಟ್ಟಿ ತುಂಬ ಹೋಳಿಗಿ ಉಂಡಾಂವ ಜಿಗೀತಾನೇನ್ರಿ?" ಎಂದವರೇ ಸೀಟಿ ಊದಿದರು. ಹುಡುಗರು ಬಾಯಲ್ಲಿದ್ದುದನ್ನು ನುಂಗಿ, ಎಲೆಯ ಮೇಲಿನದನ್ನು ಅಲ್ಲೇ ಬಿಟ್ಟು, ಕೈ ಕೂಡ ತೊಳೆಯದೆ ಮೈದಾನಕ್ಕೆ ಓಡಿದರು.

ಇಂದ್ರವ್ವನ ಕಣ್ಣಲ್ಲಿ ನೀರು. "ಎಲಿ ಮ್ಯಾಲಿಂದ ಎಬ್ಬಿಸಿಕೊಂಡ ಹೋದ್ರಲ್ಲೋ. ಡಬರಿ ತುಂಬ ಹೋಳಿಗಿ ಹಂಗs ಉಳೀತು, ಇನ್ನ ಯಾರಿಗೆ ಹಾಕ್ಲಿ?"

ಆದಿನಾಥನಿಗೆ ತಾಯಿಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ತನ್ನ ಕೈಯಾರೆ ಮಾಸ್ತರರ ಕಂಬ ಕೀಳಿಸಿದೆನಲ್ಲ ಎಂದು ಅವನ ಜೀವ ಒದ್ದಾಡುತ್ತಿತ್ತು. ಅಷ್ಟರಲ್ಲಿ ಪಾಳಿ ಮುಗಿಸಿದ ನೂಲಿನ ಗಿರಣಿಯ ತಂಡ, ಅಂದರೆ ಮಾಸ್ತರರ ಎದುರಾಳಿಗಳು, ಮನೆಯ ಮುಂದೆ ಹಾದುಹೋಗುವುದು ಕಂಡಿತು. ಅವನು ಡಬರಿಯನ್ನು ನೋಡಿದ, ಅವರನ್ನು ನೋಡಿದ.

"ಎವ್ವಾ, ಗಿರಣಿ ಹುಡುಗರು ಹಸದ ಬಂದಾರ. ಅವರನ್ನ ಬಿಟ್ಟ ಕಾಲೇಜಿನವರಿಗಷ್ಟ ಹಾಕಿದ್ರ ಪಂಕ್ತಿಭೇದ ಆಗೂದಿಲ್ಲನು?"

"ಎಷ್ಟ ಛಲೋ ಮನಸೋ ನಿಂದು ನನ್ನ ಬಂಗಾರಾ! ಕರಿ, ಲಗೂನ ಕರಿ" ಎಂದಳು ಇಂದ್ರವ್ವ. ಆದಿನಾಥ ಅವಳ ಮುಖ ನೋಡದೆ ಹೊರಗೆ ಹೋದ. ಗಿರಣಿ ತಂಡದ ನಾಯಕ ಯಲ್ಲಪ್ಪ ಎಲೆಯ ಮುಂದೆ ಕುಳಿತವನು ತುಪ್ಪವನ್ನು ಕೇಳಿ ಕೇಳಿ ಹಾಕಿಸಿಕೊಂಡ. ಅವರನ್ನು ಎಬ್ಬಿಸಲು ಯಾರೂ ಸೀಟಿ ಊದಲಿಲ್ಲ.

ಆಮೇಲಿನ ಆಟವನ್ನು ಆಟ ಅನ್ನುವುದೇ ಕಷ್ಟ. ಕಾಲೇಜಿನವರು ಏದುಸಿರು ಬಿಡುತ್ತ ಅಷ್ಟಿಷ್ಟು ಓಡಿದರು. ಗಿರಣಿಯವರು ಬೀಗರ ಮನೆಗೆ ಬಂದವರಂತೆ ಅಡ್ಡಾಡಿದರು. ಚೆಂಡು ಕೈಗೆ ಬಂದರೆ ಹಿಡಿದರು, ದೂರ ಹೋದರೆ ಹೋಗಲಿ ಎಂದು ಬಿಟ್ಟರು. ಒಬ್ಬನಂತೂ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಬಹುಮಾನದ ಬಟ್ಟಲು ಕೊಡಲು ಬಂದಿದ್ದ ಗಿರಣಿಯ ಬಿಳಿ ಸಾಹೇಬನ ಹೆಂಡತಿ, ಈ ಸೀಮೆಯಲ್ಲಿ ಈ ಆಟವನ್ನು ಹೀಗೇ ಆಡುತ್ತಾರೇನು ಎಂದು ಪಕ್ಕದವರನ್ನು ವಿಚಾರಿಸಿದಳಂತೆ. ಕೊನೆಗೆ ಕಾಲೇಜು ಒಂದೇ ಒಂದು ಬುಟ್ಟಿಯಿಂದ ಗೆದ್ದಿತು.

ಹೊತ್ತು ಮುಳುಗುವ ಸಮಯಕ್ಕೆ ಭೀಮರಾಯ ಮಾಸ್ತರರು ತಾವಾಗಿ ಆದಿನಾಥನ ಮನೆಗೆ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ಇವತ್ತ ಎಲ್ಲಾರಕಿಂತ ಛಲೋ ಆಡಿದಾಂವ ನೀನ ನೋಡಪಾ, ಆದಿನಾಥಾ. ಆ ಹುಡುಗರಿಗೆ ಹೋಳಿಗಿ ತಿನಿಸಿ ಕೆಡವೂ ಡಾವ ನನಗೂ ತೋಚತಿದ್ದಿಲ್ಲ."

ಮಾಸ್ತರರ ಬಾಯಿಂದ ತನ್ನ ಹೆಸರು ಕೇಳಲು ಆದಿನಾಥ ಎಷ್ಟು ಹಂಬಲಿಸಿದ್ದನೋ! ಈಗ ಮಾತ್ರ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಇಂದ್ರವ್ವ ಒಳಗಿನಿಂದ ಬಂದು ಅಲ್ಲೇ ನಿಂತಿದ್ದಳು. ಅವಳು ಮಗನನ್ನು ದಾಟಿ, ಹೋಗಿಬರುತ್ತೇವೆಂದು ಹೇಳಲು ತಂಡ ಕಟ್ಟಿಕೊಂಡು ಬಂದ ಯಲ್ಲಪ್ಪನ ಕಡೆಗೇ ನಡೆದಳು.

"ನನ್ನ ಕೈಲೆ ಉಂಡ ಸೋತ್ರೇನೋ ಯಪ್ಪಾ? ನನಗ ಖರೇನ ಗೊತ್ತಿದ್ದಿಲ್ಲೋ."

ಯಲ್ಲಪ್ಪ ಬಾಗಿ ಅವಳ ಕಾಲು ಮುಟ್ಟಿದ.

"ಆಟದ ಮುಂದ ಕರದ ತುಪ್ಪಾ ಸುರವಿದ್ರ ಯಾಕಂತ ನಮಗ ತಿಳೀದನ್ರಿ ಅವ್ವಾರ? ಗೊತ್ತಿದ್ದ ಉಂಡೇವ್ರಿ. ಮುಂದಿನ ವರ್ಷಾನೂ ಕರೀರಿ, ಸೋಲಾಕ ಬರ್ತೇವಿ."