ಚಾಲಕನಿಲ್ಲದ ಕಾರು

ವಾಹನ ಪ್ರದರ್ಶನದ ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಿದ್ದ ಕಾವಲಿನವಳ ಕೈಗೆ ತಣ್ಣಗಿನದೇನೋ ತಗುಲಿತು. ಹೊರತೆಗೆದರೆ ಹಿಡಿಗಾತ್ರದ ಕಬ್ಬಿಣದ ಗಟ್ಟಿ.

"ಇದೇನಮ್ಮ?"

"ಬಟ್ಟೆ ಕತ್ತರಿಸುವಾಗ ಜರುಗದ ಹಾಗೆ ಇಡೋ ತೂಕ. ನಾನು ಟೈಲರ್."

"ಕಾರು ನೋಡೋಕೆ ಇದ್ಯಾಕೆ ಬೇಕಿತ್ತು?"

"ಅಂಗಡಿಯಿಂದ ಸೀದಾ ಬಂದೆ. ಚೀಲದಲ್ಲೇ ಉಳಿದುಬಿಟ್ಟಿದೆ ಕಣಮ್ಮ."

ಕಾವಲಿನವಳು ಒಳಗೆ ಬಿಟ್ಟಳು. ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಟೈಲರಮ್ಮನಿಗೆ ಈವರೆಗೆ ಗೊತ್ತಿರಲಿಲ್ಲ. ಆ ತೂಕ ಮನೆಯಿಂದ ಹೊರಟದ್ದೇ ಒಂದು ಕಾರಿನ ಗಾಜು ಒಡೆಯಲು.

ಅವಳ ಗಂಡ ಬಸ್ ಡ್ರೈವರ್. ಪ್ರಾಯವನ್ನೆಲ್ಲ ಸ್ಟೇರಿಂಗಿಗೆ ಸವೆಸಿದವನು. ಆಳು ಕುಳ್ಳ, ಅವಳು ಹೊಲಿದುಕೊಟ್ಟ ದಿಂಬಿನ ಮೇಲೆ ಕೂತರಷ್ಟೇ ರಸ್ತೆ ಕಾಣುತ್ತಿತ್ತು. ನಿಲ್ದಾಣದವರು ಅವನನ್ನು ಗೋಳುಹೊಯ್ದುಕೊಳ್ಳದ ದಿನವಿರಲಿಲ್ಲ. ಆದರೆ ಬ್ರೇಕು ಹಾಕುವುದರಲ್ಲಿ ಅವನದೇ ಒಂದು ರೀತಿ. ಒಮ್ಮೆ ಮೆಲ್ಲಗೆ, ಮತ್ತೊಮ್ಮೆ ಮೆಲ್ಲಗೆ, ನಿಲ್ಲುವ ಮುನ್ನ ಕಾಲು ತುಸು ಸಡಿಲ. ನಿಂತ ಮುದುಕಿಯೂ ಮುಗ್ಗರಿಸುತ್ತಿರಲಿಲ್ಲ. ಬಟ್ಟೆಗಂಟು ಅವುಚಿಕೊಂಡು ದಿನಾ ಅದೇ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ ಈ ಟೈಲರ್ ಹುಡುಗಿ ಆ ಬ್ರೇಕಿಗೇ ಮನಸೋತು ಅವನನ್ನು ಕಟ್ಟಿಕೊಂಡಿದ್ದಳು.

ಚಾಲಕನಿಲ್ಲದ ಬಸ್ಸು ಬರುತ್ತದೆಂದು ಹೇಳಿ ಬಸ್ ಕಂಪನಿ ವಯಸ್ಸಾದವರನ್ನೆಲ್ಲ ಮನೆಗೆ ಕಳಿಸಿತು. ಬಸ್ಸು ಇನ್ನೂ ಬಂದಿಲ್ಲ. ಬರುತ್ತದೆಂಬ ಸುದ್ದಿಯೇ ಅವನ ಹೊಟ್ಟೆಯ ಮೇಲೆ ಹೊಡೆಯಲು ಸಾಕಾಯಿತು. ಸುದ್ದಿಯ ಪಕ್ಕದಲ್ಲಿ ಪೇಪರಿನವರು ಒಂದು ಚಿತ್ರ ಹಾಕಿದ್ದರು: ಮೊಟ್ಟೆಯಷ್ಟು ನುಣುಪಾದ ಬೆಳ್ಳಿ ಬಣ್ಣದ ಕಾರು. ಅಂದಿನಿಂದ ಟೈಲರಮ್ಮನಿಗೆ ಅದು ಕಾರಲ್ಲ, ಶತ್ರು.

ಗಂಡ ಬಹಳ ದಿನ ಗೋಡೆ ನೋಡುತ್ತ ಕೂತ. ಹೋದ ತಿಂಗಳು ಒಂದು ಸಂಜೆ ಬಂದು, "ಗೋದಾಮಲ್ಲಿ ಕಾವಲು ಕೆಲಸ ಸಿಕ್ತು" ಎಂದ. ಬೆಳಿಗ್ಗೆ ಹೊರಡುವಾಗ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಸಂಜೆ ಬಂದರೆ ಬೆನ್ನು ನೆಟ್ಟಗಾಗುವುದಿಲ್ಲ, ಕತ್ತು ತಿರುಗುವುದಿಲ್ಲ. ಇದನ್ನೆಲ್ಲ ಅವಳು ಹೇಗೋ ನುಂಗಿಕೊಂಡಳು. ಆದರೆ ಬಟ್ಟೆಯ ವಿಷಯದಲ್ಲಿ ಟೈಲರ್ ಕಣ್ಣಿಗೆ ಮಣ್ಣೆರಚುವುದು ಸಾಧ್ಯವೇ? ಅಂಗಿಗಳ ಮೊಣಕೈಗಳು ಸವೆದು ಜಾಳಾಗಿದ್ದವು.

"ಕುರ್ಚಿ ಮೇಲೆ ಕೂರೋ ಕಾವಲುಗಾರನಿಗೆ ಮೊಣಕೈ ಹೇಗ್ರೀ ಸವೆಯುತ್ತೆ?"

"ಮೇಜಿನ ಮೇಲೆ ಊರಿಕೊಂಡು ನಿದ್ದೆ ಹೊಡೀತೀನಿ ಕಣೇ" ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಮೂಟೆ ಹೊರುತ್ತಿದ್ದಾನೆ, ನಾಚಿಕೆಯಿಂದ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು. ಮೊಣಕೈಗಳಿಗೆ ತೇಪೆ ಹಾಕುತ್ತ ಅತ್ತಳು.

ಆ ವಾರವೇ ಗಿರಾಕಿಯೊಬ್ಬರು ರವಿಕೆ ಒಯ್ಯಲು ಬಂದವರು ವಾಹನ ಪ್ರದರ್ಶನದ ಪಾಸೊಂದನ್ನು ಕೊಟ್ಟರು. "ಜನಾನೇ ಬರ್ತಿಲ್ಲವಂತೆ. ಬಿಟ್ಟಿ ಹಂಚ್ತಿದಾರೆ." ಪಾಸಿನ ಮೇಲೆ ಅದೇ ಬೆಳ್ಳಿ ಕಾರು. ಟೈಲರಮ್ಮ ಮೇಜಿನ ಮೇಲಿದ್ದ ತೂಕವನ್ನು ಚೀಲಕ್ಕೆ ಹಾಕಿಕೊಂಡಳು.

ಸಭಾಂಗಣ ಭಣಗುಡುತ್ತಿತ್ತು. ಅರ್ಧಕ್ಕರ್ಧ ಮಳಿಗೆಗಳು ಖಾಲಿ. ಇದ್ದ ಒಂದಿಷ್ಟು ಜನ ಮಾತ್ರ ನಡುವಿನ ವೇದಿಕೆಯ ಹಗ್ಗಕ್ಕೆ ಒರಗಿ ನಿಂತಿದ್ದರು.

"ಫೋನಲ್ಲೇ ಎಲ್ಲ ಕಾಣೋವಾಗ ಈ ಶೋ ಯಾರಿಗ್ರೀ ಬೇಕು?" ಎಂದ ಒಬ್ಬ ಬೋಳುತಲೆಯವ.

"ಇಂಥವು ರಸ್ತೆಗೆ ಬಂದಿದ್ದು ಎಲ್ಲಾದ್ರೂ ಉಂಟಾ?" ಎಂದ ಅವನ ಗೆಳೆಯ. "ನಮ್ಮ ತಾತನಿಗೂ ಹಾರೋ ಕಾರು ತೋರಿಸಿದ್ರಂತೆ. ತಾತ ಹೋದ್ರು, ಕಾರು ಬರಲಿಲ್ಲ. ಶೋ ಮುಗಿದ ಮೇಲೆ ಇದನ್ನೂ ಗುಜರಿಗೆ ಹಾಕ್ತಾರೆ, ನೋಡ್ತಿರಿ."

ಟೈಲರಮ್ಮನ ಎದೆ ಧಗ್ಗೆಂದಿತು. ಗುಜರಿಗೆ ಹೋಗುವ ವಸ್ತುವಿಗಾಗಿ ತನ್ನ ಗಂಡನನ್ನು ಗುಜರಿಗೆ ಹಾಕಿದರಲ್ಲ! ಅವಳು ಹಗ್ಗದ ತುದಿಯವರೆಗೂ ನುಗ್ಗಿ, ಕಾರು ತಿರುಗಿ ನಿಲ್ಲುವ ಜಾಗದಲ್ಲಿ ನಿಂತಳು.

ವೇದಿಕೆಯ ಮೇಲೆ ನಿರೂಪಕಿ ಮೈಕು ಹಿಡಿದಳು. "ಸ್ಟೇರಿಂಗ್ ಇಲ್ಲ, ಡ್ರೈವರ್ ಇಲ್ಲ! ಒಳಗಿನ ವಿನ್ಯಾಸ ಕಂಪನಿಯ ಗುಟ್ಟು, ಅದಕ್ಕೇ ಗಾಜೆಲ್ಲ ಕಪ್ಪು. ನೋಡ್ತಾ ಇರಿ, ಈಗ ತಾನಾಗೇ ಬರುತ್ತೆ!"

ಬೆಳ್ಳಿ ಮೊಟ್ಟೆ ಸದ್ದಿಲ್ಲದೆ ಹೊರಟಿತು. ನಡೆಯುವವರ ವೇಗದಲ್ಲಿ ವೇದಿಕೆ ಸುತ್ತಿ, ಇಳಿಜಾರು ಹಲಗೆ ಇಳಿದು, ನೇರ ಅವಳತ್ತ ಬಂತು. ಟೈಲರಮ್ಮ ಚೀಲದಿಂದ ತೂಕ ತೆಗೆದು ಕೈ ಎತ್ತಿದಳು. ಅಷ್ಟು ದಿನಗಳ ಸಿಟ್ಟು ಆ ಕೈಯಲ್ಲಿತ್ತು.

ಕಾರಿನ ಮೂತಿ ಒಮ್ಮೆ ಮೆಲ್ಲಗೆ ಬಗ್ಗಿತು. ಮತ್ತೊಮ್ಮೆ ಮೆಲ್ಲಗೆ ಬಗ್ಗಿತು. ಆಮೇಲೆ ತುಸು ಸಡಿಲಗೊಂಡು, ಒಂದಿಷ್ಟೂ ಕುಲುಕದೆ ಅವಳ ಮುಂದೆ ನಿಂತಿತು.

ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

"ನೋಡಿದ್ರಾ!" ನಿರೂಪಕಿ ಕೂಗಿದಳು. "ಮುಂದಿರೋ ಅಮ್ಮನ್ನ ಗುರುತು ಹಿಡಿದು ನಿಂತುಬಿಡ್ತು!"

ಜನ ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ, ಕಾರಿನ ಮೂತಿಯ ಕಪ್ಪು ಬಲೆಯ ಹಿಂದಿನಿಂದ, ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ, ಬಾಯಾರಿದ ದನಿಯೊಂದು ಬಂತು:

"ಅದನ್ನ ಚೀಲಕ್ಕೆ ಹಾಕ್ಕೊಂಡು ಮನೆಗೆ ಹೋಗೇ. ಸಂಜೆ ಬರ್ತೀನಿ."